ಗದ್ದೆಯಾಚೆಗೆ ಕೇಳಿಸಿದ ಗಿಟಾರು

ಇವತ್ತು ಬೆಳಿಗ್ಗೆ ಕರೆಂಟು ಹೋಗಿ ಬಂದಾಗ ಚಾವಡಿಯ ಮೂಲೆಯಲ್ಲಿದ್ದ ಪೆಟ್ಟಿಗೆ ಒಮ್ಮೆ ‘ಡಬ್’ ಎಂದು, ಆಮೇಲೆ ಸಣ್ಣಗೆ ಗುಂಯ್‌ಗುಡತೊಡಗಿತು. ನಮ್ಮವರು ಅದನ್ನು ಆರಿಸದೆಯೇ ಬ್ರಹ್ಮಾವರಕ್ಕೆ ಹೋಗಿಬಿಟ್ಟಿದ್ದರು. ಅದು ಗಿಟಾರಿನ ಸ್ಪೀಕರ್ ಪೆಟ್ಟಿಗೆ. ಆಂಪ್ಲಿಫೈಯರನ್ನು ಹೊಟ್ಟೆಯೊಳಗೇ ಇಟ್ಟುಕೊಂಡಿರುವಂಥದ್ದು. ಎತ್ತರ ನನ್ನ ಮೊಣಕಾಲಿಗೆ ಬರುತ್ತದೆ. ಅದರ ಗಂಟಲು ಎಷ್ಟು ದೊಡ್ಡದೆಂದು ಈ ಕೊಕ್ಕರ್ಣೆ ಊರಿನಲ್ಲಿ ನಡೆದು ಅಳೆದವಳು ನಾನೊಬ್ಬಳೇ ಎಂದರೆ ನೀವು ನಗಬಹುದು. ನಗಿ, ಆದರೆ ಕೇಳಿ.

ನಮ್ಮವರು ಮುಂಬಯಿಯಲ್ಲಿ ಹೋಟೆಲು ನಡೆಸಿದವರು. ಮೇಲಿನ ಮಾಳಿಗೆಯ ಬಾಡಿಗೆದಾರನೊಬ್ಬ ಚಾ ಕುಡಿಯಲು ಬಂದು ಬಂದು ಅವರಿಗೆ ಗಿಟಾರು ಹಿಡಿಸಿದ. ಹೋಟೆಲು ಬಿಟ್ಟು ಊರಿಗೆ ಬಂದ ಮೇಲೆ ಈ ಪೆಟ್ಟಿಗೆ ತರಿಸಿದರು. ಅದರ ಬೆನ್ನಿನ ಮೇಲೆ ಇನ್ನೂರು ವಾಟ್ ಎಂದು ಬರೆದಿತ್ತು.

“ನೂರ್ ವಾಟಿನ ಎರ್ಡರಷ್ಟ್ ಶಬ್ದ ಅಂದ್ಕಂಬೇಡ. ನೂರಕ್ಕಿಂತ ಚೂರ್ ಜಾಸ್ತಿ, ಅಷ್ಟೆ,” ಎಂದು ನನಗೆ ಪಾಠ ಹೇಳಿದರು.

ಆ ಚೂರು ನನಗೆ ಬೇಕಿರಲಿಲ್ಲ. ಶಬ್ದ ಏರಿಸುವ ಗುಂಡಿಯನ್ನು ಕಾಲುಭಾಗ ತಿರುಗಿಸಿದ್ದಕ್ಕೇ ಅಡುಗೆಮನೆಯ ಸ್ಟೀಲ್ ತಟ್ಟೆಗಳು ಒಂದಕ್ಕೊಂದು ತಾಗಿ ಜಿಣಗುಟ್ಟಿದವು. ಮನೆಯೊಳಗೆ ಅದರ ನಿಜವಾದ ತಾಕತ್ತು ತಿಳಿಯುವುದಿಲ್ಲವೆಂದು ಅವರು ಅದನ್ನು ಜಗಲಿಗೆ ಸಾಗಿಸಿ, ಗದ್ದೆಗೆ ಮುಖ ಮಾಡಿ ಇಟ್ಟರು. ಕೊಯ್ಲು ಮುಗಿದು ಗದ್ದೆ ಖಾಲಿಯಿತ್ತು.

“ನೀನ್ ಫೋನ್ ಹಿಡ್ಕಂಡ್ ಹೋಗ್. ಎಲ್ಲಿವರಿಗೆ ಕೇಂತಿತ್ತ್ ಕಾಂಬ.”

ಎಲ್ಲಿಯವರೆಗೆ ಕೇಳುತ್ತದೆಂದು ನಾನು ನಡೆದು ನೋಡಬೇಕಂತೆ. ಮದುವೆಯಾದ ಮೇಲೆ ಗಂಡ ಹೇಳಿದ ಎಷ್ಟೋ ಕೆಲಸ ಮಾಡಿದ್ದೇನೆ. ಶಬ್ದದಿಂದ ದೂರ ಹೋಗು ಎಂದದ್ದು ಅದೇ ಮೊದಲು. ಖುಷಿಯಿಂದಲೇ ಹೊರಟೆ. ಮೊದಲು ಪಕ್ಕದ ಮನೆಯ ಅಂಗಳಕ್ಕೆ ಹೋದೆ. ಅಷ್ಟು ಹತ್ತಿರದಲ್ಲೂ ಅಲ್ಲಿ ಕೇಳಿದ್ದು ಯಾರೋ ಕಂಬಳಿ ಹೊದ್ದು ಮಾತಾಡಿದಂಥ ಮಂಕು ಸದ್ದು. ಆದರೆ ಪೆಟ್ಟಿಗೆಯ ನೇರಕ್ಕೆ ಗದ್ದೆಯ ಅಂಚು ಹಿಡಿದು ನಡೆದರೆ, ಎಷ್ಟು ದೂರ ಹೋದರೂ ತಂತಿಯ ಚೂಪು ಸದ್ದು ಬೆನ್ನಿಗೆ ತಾಗುತ್ತಲೇ ಇತ್ತು. ಟಾರ್ಚಿನ ಬೆಳಕಿನ ಹಾಗೆ ಅದು ಮುಖ ಮಾಡಿದ ಕಡೆಗೇ ಬೀಳುವ ದನಿ.

ಸಣ್ಣ ಹಳ್ಳದಂಥ ತೋಡನ್ನು ದಾಟಲು ಹಾಕಿದ ಕಾಲುಸೇತುವೆಯ, ಅಂದರೆ ಸಂಕದ ಬಳಿ ನಿಂತೆ. ಸಂಕದಾಚೆಗೆ ಇರುವುದು ಭಾವಯ್ಯನ ಮನೆ, ಎಂದರೆ ನಮ್ಮವರ ಅಣ್ಣನದು. ನಮ್ಮ ಮಗಳ ಮದುವೆಯ ಹೊತ್ತಿಗೆ ನಮ್ಮವರು ಹೋಟೆಲಿನ ಗಡಿಬಿಡಿಯಲ್ಲಿ ಅಣ್ಣನನ್ನು ಕರೆಯುವ ಹೇಳಿಕೆಯನ್ನು ಫೋನಿನಲ್ಲೇ ಮುಗಿಸಿದ್ದರು. ಊರಿಗೆಲ್ಲ ಮನೆಗೆ ಹೋಗಿ ಹೇಳಿಕೆ, ಒಡಹುಟ್ಟಿದವನಿಗೆ ಫೋನು. ಭಾವಯ್ಯ ಮದುವೆಗೆ ಬರಲಿಲ್ಲ. ಆಮೇಲೆ ಎರಡು ಮನೆಯ ಕಾಲುಗಳೂ ಆ ಸಂಕ ದಾಟಿರಲಿಲ್ಲ.

“ಕೇಂತಿತ್ತಾ?” ಫೋನಿನಲ್ಲಿ ನಮ್ಮವರು.

“ಕೇಂತಿತ್ತ್.”

“ಹಂಗಾರೆ ಇನ್ನೂ ಮುಂದೆ ಹೋಗ್.”

“ಮುಂದೆ ನಿಮ್ ಅಣ್ಣನ್ ಮನಿ,” ಎಂದೆ.

ಗಿಟಾರು ನಿಂತಿತು. ತುಸು ಹೊತ್ತಿನ ಬಳಿಕ ಮತ್ತೆ ಶುರುವಾಯಿತು, ಈ ಸಲ ಮೊದಲಿಗಿಂತ ಜೋರಾಗಿ. ನಾನು ಹಿಂದಿರುಗಿ ಬಂದೆ. ಪೆಟ್ಟಿಗೆ ಮಾತ್ರ ದಿನಾ ಸಂಜೆ ಜಗಲಿಗೆ ಬಂದು, ಅದೇ ದಿಕ್ಕಿಗೆ ಮುಖ ಮಾಡಿ ಕೂರತೊಡಗಿತು.

ವಾರ ಕಳೆದಿರಲಿಲ್ಲ, ಭಾವಯ್ಯ ಸಂಕ ದಾಟಿ ಬಂದರು. ಅಂಗಳದಲ್ಲೇ ನಿಂತು, “ಹ್ವಾಯ್, ಎಂತದಾ ಅದ್? ಮನಿಯಂಗೆ ಕೂಕಂಬುಕಾತಿಲ್ಲೆ. ಕಿವಿಯೊಳ್ಗೇ ಬಾರ್ಸ್ದಂಗ್ ಆತ್ತ್,” ಎಂದು ಮನೆಯೊಳಗೆ ಕೂರಲಾಗದ ಸಿಟ್ಟು ತೋರಿಸಿದರು.

ನಮ್ಮವರು ಗಿಟಾರು ಕೆಳಗಿಟ್ಟು ಎದ್ದು ನಿಂತರು.

“ಶಬ್ದ ಕಮ್ಮಿ ಮಾಡುಕಾತಿಲ್ಯಾ ನಿಂಗೆ?”

“ಕಮ್ಮಿ ಮಾಡ್ರೆ ನಿಂಗ್ ಕೇಂತಿಲ್ಲೆ ಅಣ್ಣ.”

ಭಾವಯ್ಯ ತಮ್ಮನ ಮುಖ ನೋಡಿದರು, ಪೆಟ್ಟಿಗೆಯ ಮುಖ ನೋಡಿದರು. ನಾನು ಒಳಗೆ ಹೋಗಿ ಚಾಕ್ಕೆ ನೀರಿಟ್ಟೆ. ಲೋಟ ಹಿಡಿದು ಹೊರಗೆ ಬಂದಾಗ ಇಬ್ಬರೂ ಜಗಲಿಯಲ್ಲಿ ಕುಳಿತಿದ್ದರು. ಭಾವಯ್ಯ ಪೆಟ್ಟಿಗೆಯ ಪಕ್ಕಕ್ಕೆ, ಸದ್ದು ಮಂಕಾಗುವ ಕಡೆ. ಮದುವೆಯ ಮಾತನ್ನು ಯಾರೂ ಎತ್ತಲಿಲ್ಲ. ಗದ್ದೆಗೆ ಹಂದಿ ಬಂದದ್ದರ ಬಗ್ಗೆ ಮಾತಾಡುತ್ತಿದ್ದರು.

ಈಗ ಭಾವಯ್ಯ ಬೇಕೆಂದಾಗ ಬರುತ್ತಾರೆ. ಇವತ್ತೂ, ನಾನು ಪೆಟ್ಟಿಗೆ ಆರಿಸಲು ಬಗ್ಗಿದಾಗ ಬಾಗಿಲಲ್ಲಿದ್ದರು.

“ಅವ ಇಲ್ಯಾ?”

“ಬ್ರಹ್ಮಾವರಕ್ಕೆ ಹೋಯಿರ್. ಕೂಕಣಿ.”

ಕುಳಿತು, ಗಿಟಾರಿನ ಕಡೆಗೆ ಗಲ್ಲ ಎತ್ತಿ, “ನೀನೇ ಒಂದ್ ಸಲ ಬಾರ್ಸ್ ಕಾಂಬ,” ಎಂದರು.

“ನಂಗ್ ಬತ್ತಿಲ್ಲೆ ಭಾವಯ್ಯ.”

“ಶಬ್ದ ಬಂದ್ರೆ ಸಾಕ್.”

ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ದಪ್ಪ ತಂತಿಯೊಂದನ್ನು ಹೆಬ್ಬೆರಳಿನಿಂದ ಮೀಟಿದೆ. ಗುಂಡಿ ಎಲ್ಲಿಗೆ ತಿರುಗಿತ್ತೆಂದು ನೋಡಿರಲಿಲ್ಲ. ಸದ್ದು ಕಿವಿಗಿಂತ ಮೊದಲು ಎದೆಗೂಡಿಗೆ ಬಂತು. ಕಿಟಕಿಯ ಗಾಜು, ಕಾಲಡಿಯ ನೆಲ, ನನ್ನ ಹಲ್ಲುಗಳು ಒಟ್ಟಿಗೆ ನಡುಗಿದವು. ಇಷ್ಟು ದಿನ ನಾನು ಅದರಿಂದ ದೂರ ಹೋಗಿ ಅಳೆದವಳು. ಅದರ ಮುಂದೆ ಕುಳಿತು, ನನ್ನ ಬೆರಳಿನಿಂದಲೇ ಹೊರಟ ಸದ್ದನ್ನು ಕೇಳಿದ್ದು ಇವತ್ತೇ.

“ಸಾಕಾ?” ಎಂದೆ.

ಭಾವಯ್ಯ ಕಿವಿಯ ಮೇಲಿಂದ ಕೈ ತೆಗೆದು, “ನಿಂಗ್ ಸಾಕಾ?” ಎಂದು ಕೇಳಿದರು.

ನಾನು ಇನ್ನೊಂದು ಸಲ ಮೀಟಿದೆ.