ಸಾಲ್ಮಿಯಾದ ಪನ್ಸಲದಲ್ಲಿ ಕೇಳಿದ ಹೆಸರು

ಕುವೈತಿನಲ್ಲಿ ನಾನು ಕಂಡ ಬುದ್ಧ ಒಂದು ಬೆಡ್‌ರೂಮಿನಲ್ಲಿದ್ದ. ಸಾಲ್ಮಿಯಾದ ಕಡಲದಂಡೆಗೆ ಎದುರಾದ ಹಳೆಯ ಕಟ್ಟಡ, ನಾಲ್ಕನೆಯ ಮಹಡಿ. ಬಾಗಿಲಿಗೆ ಬೋರ್ಡಿಲ್ಲ. ಒಳಗೆ ಮೇಜಿನ ಮೇಲೆ ಬಿಳಿಯ ಮೂರ್ತಿ, ಅದರ ತಲೆಯ ಮೇಲೆಯೇ ಗೊರಗುಟ್ಟುವ ಏಸಿ, ಕಿಟಕಿಯಾಚೆ ಬಿಸಿಲಿಗೆ ಬೆಳ್ಳಗಾದ ಸಮುದ್ರ. ಮೂವತ್ತು ನಲವತ್ತು ಹೆಂಗಸರು ಬಿಳಿ ಬಟ್ಟೆ ಉಟ್ಟು ಕೂತಿದ್ದರು. ಸದ್ದೇ ಇಲ್ಲ. ನಮ್ಮೂರಿನಲ್ಲಿ ದೇವಸ್ಥಾನಕ್ಕೆ ಹೋದರೆ ಮೊದಲು ಗಂಟೆ ಹೊಡೆಯುತ್ತೇವೆ. ಇಂಥ ಗುಡಿಗೆ ಪರವಾನಗಿಯೇ ಇಲ್ಲದ ಇಲ್ಲಿ ಪಕ್ಕದ ಮನೆಗೆ ಕೇಳಿಸದಂತೆ ಪ್ರಾರ್ಥಿಸಬೇಕು.

"ಇದೇ ನಮ್ಮ ಪನ್ಸಲ," ಎಂದಳು ನಂದನಿ. ಸಿಂಹಳದಲ್ಲಿ ಪನ್ಸಲ ಎಂದರೆ ಬೌದ್ಧರ ಗುಡಿ. ಶ್ರೀಲಂಕಾದ ನಂದನಿ ಇಲ್ಲಿನ ಆಸ್ಪತ್ರೆಯೊಂದರಲ್ಲಿ ನೆಲ ಒರೆಸುವ ಕೆಲಸ ಮಾಡುತ್ತಾಳೆ. ನನಗಿಂತ ದೊಡ್ಡವಳು, ನನ್ನನ್ನು 'ನಂಗಿ' ಎನ್ನುತ್ತಾಳೆ. ಅವರ ಮಾತಿನಲ್ಲಿ ಹಾಗೆಂದರೆ ತಂಗಿ. ನಾನು ಮಂಡ್ಯದಿಂದ ಬಂದು ಐದು ವರ್ಷವಾಯಿತು. ಈ ಊರಿನಲ್ಲಿ ಅರ್ಥ ಕೇಳದೆಯೇ ನನಗೆ ತಿಳಿದ ಪರಭಾಷೆಯ ಶಬ್ದ ಅದೊಂದೇ.

ಎರಡು ವರ್ಷದ ಹಿಂದೆ ಆ ಆಸ್ಪತ್ರೆಯಲ್ಲಿ ನನಗೆ ಎರಡು ತಿಂಗಳು ಮುಂಚೆಯೇ ಹೆಣ್ಣು ಮಗು ಹುಟ್ಟಿತು. ಒಂಬತ್ತು ದಿನ ಗಾಜಿನ ಪೆಟ್ಟಿಗೆಯಲ್ಲಿ ಬದುಕಿತ್ತು. ಕಾಲಿನ ಪಟ್ಟಿಯ ಮೇಲೆ 'ಬೇಬಿ ಆಫ್ ಶೈಲಜಾ' ಎಂದಷ್ಟೇ ಇತ್ತು. ನಾಮಕರಣದವರೆಗೆ ನಾವು ತಲುಪಲೇ ಇಲ್ಲ. ಡಾಕ್ಟರು, ನರ್ಸುಗಳನ್ನು ಬಿಟ್ಟರೆ ಅವಳ ಮುಖ ನೋಡಿದವರು ಮೂವರು: ನಾನು, ನನ್ನ ಗಂಡ ಮಹೇಶ್, ಮತ್ತು ಆ ವಾರ್ಡಿನ ನೆಲ ಒರೆಸುತ್ತಿದ್ದ ನಂದನಿ.

ಮಣ್ಣು ಮಾಡಲು ಮಹೇಶ್ ಒಬ್ಬರೇ ಹೋದರು. ಹೊಟ್ಟೆಯ ಹೊಲಿಗೆ ಕೀವಾಗಿ ನಾನು ಹಾಸಿಗೆಯಿಂದ ಏಳುವಂತಿರಲಿಲ್ಲ. ವಾಪಸು ಬಂದವರು "ಖಲಾಸ್" ಎಂದರು. ಎಲ್ಲ ಮುಗಿಯಿತು ಎನ್ನಲು ಇಲ್ಲಿ ಸರ್ವರ ಬಾಯಲ್ಲೂ ಇರುವ ಅರಬ್ಬಿ ಮಾತು. ಆಮೇಲೆ ಅವರು ಆ ವಿಷಯ ಎತ್ತಲಿಲ್ಲ. ಊರಿಂದ ಅತ್ತೆ ಫೋನ್ ಮಾಡಿ, "ಹಲ್ಲು ಬರದ ಕೂಸಿಗೆ ತಿಥಿ ಗಿಥಿ ಏನೂ ಇಲ್ಲ ಕಣವ್ವ, ಮರ್ತ್‌ಬುಡು," ಅಂದರು.

ಹೋದ ತಿಂಗಳು, ಅಲ್-ರಾಯ್‌ನಲ್ಲಿ ಮಹೇಶ್ ಕೆಲಸ ಮಾಡುತ್ತಿದ್ದ ವರ್ಕ್‌ಶಾಪ್ ಮುಚ್ಚಿತು. ಕೆಲಸವಿಲ್ಲವೆಂದರೆ ಇಕಾಮಾ ಇಲ್ಲ, ಅಂದರೆ ಇಲ್ಲಿ ವಾಸಿಸಲು ಪರವಾನಗಿ ಇಲ್ಲ. ನಾವು ವಾಪಸು ಬರುತ್ತೇವೆಂದು ಊರಿನಲ್ಲಿ ಎಲ್ಲರಿಗೂ ಸಂತೋಷ. ನಾನು ಇಲ್ಲಿ ಬಿಟ್ಟು ಹೋಗುವುದೇನೆಂದು ಅವರಿಗೆ ಹೇಗೆ ಹೇಳಲಿ? ನಂದನಿಯ ಮುಂದೆ ಅತ್ತುಬಿಟ್ಟೆ. ನಮ್ಮಿಬ್ಬರ ಹರಕು ಹಿಂದಿಯಲ್ಲಿ ಅವಳು, "ಶುಕ್ರವಾರ ಬಾ ನಂಗಿ, ನಮ್ಮೂರಿಂದ ಭಿಕ್ಷು ಬಂದಿದ್ದಾರೆ. ಪಾಪುವಿಗೆ ಪುಣ್ಯ ಕಳಿಸೋಣ," ಎಂದಳು.

ತಟ್ಟೆಯಲ್ಲೊಂದು ಬಟ್ಟಲು. ಅದು ತುಂಬಿ ಹೊರಗೆ ಹರಿಯುವವರೆಗೆ ಹೂಜಿಯಿಂದ ನೀರು ಹೊಯ್ಯಬೇಕು. ಸತ್ತವರಿಗೆ ಪುಣ್ಯ ತಲುಪುತ್ತದಂತೆ, ನಮ್ಮಲ್ಲಿ ಎಳ್ಳುನೀರು ಬಿಟ್ಟ ಹಾಗೆ. ನಮ್ಮಲ್ಲಿ ಕೂಸಿಗೆ ಅದೂ ಇಲ್ಲ, ಇವರಲ್ಲಿ ಇತ್ತು. ನಾನು ಹೂಜಿ ಎತ್ತಿದಾಗ ಭಿಕ್ಷು ಏನೋ ಕೇಳಿದರು.

"ಮಗುವಿನ ಹೆಸರು ಕೇಳ್ತಿದ್ದಾರೆ," ಎಂದಳು ನಂದನಿ.

ಇಲ್ಲವೆಂದು ತಲೆಯಾಡಿಸಿದೆ.

"ಜಾನಕಿ."

ನನ್ನನ್ನು ಕರೆತಂದು ಹಿಂದೆ ಗೋಡೆಗೆ ಒರಗಿ ನಿಂತಿದ್ದ ಮಹೇಶ್ ಹೇಳಿದ್ದು. ಬಸುರಿಯಾಗಿದ್ದಾಗ ನಾನು ಆರಿಸಿದ್ದ ಹೆಸರು. "ಅಜ್ಜಿ ಕಾಲದ ಹೆಸರು ಕಣೇ," ಎಂದು ಆಗ ನಕ್ಕಿದ್ದರು. ನಾನು ತಿರುಗಿ ಅವರನ್ನು ನೋಡಿದೆ, ನೀರು ಚಾಪೆಗೆ ಚೆಲ್ಲಿತು. ನಂದನಿ ನನ್ನ ಕೈಯನ್ನು ತನ್ನ ಕೈಯಲ್ಲಿ ಹಿಡಿದು ಹೊಯ್ಯಿಸಿದಳು.

ಆಮೇಲೆ ನಾನು, ಮಹೇಶ್ ಇಬ್ಬರೇ ಕಡಲದಂಡೆಗೆ ಇಳಿದೆವು. ಶಾಲೆಯ ಪ್ರವಾಸದಲ್ಲಿ ನೋಡಿದ ಮಲ್ಪೆಯ ಸಮುದ್ರ ಅಲೆಯೆಬ್ಬಿಸಿ ಕಾಲಡಿಯ ಮರಳನ್ನೇ ಸೆಳೆದಿತ್ತು. ಇದು ಅಲುಗುವುದೇ ಇಲ್ಲ, ಬೆಚ್ಚಗೆ ಬಿದ್ದುಕೊಂಡಿರುತ್ತದೆ.

"ಯಾವಾಗ ಇಟ್ರಿ ಹೆಸರು?"

"ಮಣ್ಣು ಮಾಡೋ ದಿನ. ಫಾರಂನಲ್ಲಿ ಹೆಸರು ಬೇಕೇ ಬೇಕು ಅಂದ ಗುಮಾಸ್ತ. ನಂಗೆ ಬೇರೆ ಯಾವ್ದೂ ಹೊಳೀಲಿಲ್ಲ."

"ಎರಡು ವರ್ಷ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಹೆಸರು ಹಿಡಿದು ಅಳ್ತೀಯ ಅಂತ ಗೊತ್ತಿತ್ತು. ಅದನ್ನ ಕೇಳೋ ಶಕ್ತಿ ನಂಗಿರ್ಲಿಲ್ಲ ಶೈಲೂ."

ಅವರನ್ನು ಹೊಡೆಯಬೇಕೆನಿಸಿತು. ಹೊಡೆಯಲಿಲ್ಲ. "ಒಂದ್ಸಲ ಅಲ್ಲಿಗೆ ಕರ್ಕೊಂಡ್ ಹೋಗಿ," ಎಂದೆ. ಅವರು ಚಪ್ಪಲಿಯ ಮರಳು ಕೊಡವಿದರು. "ಹೋದ ವರ್ಷ ಒಬ್ನೇ ಹೋಗಿದ್ದೆ. ಜಾಗ ಸಿಗ್ಲಿಲ್ಲ. ಗಾಳಿಗೆ ಎಲ್ಲಾ ಸಮ ಆಗ್ಬಿಟ್ಟಿದೆ."

ಆದರೂ ಮರುದಿನ ಹೋದೆವು. ಸಾಲು ಸಾಲು ದಿಣ್ಣೆಗಳು, ನಡುವೆ ಬರಿಯ ಮರಳು. ಒಂದು ಗಂಟೆ ಹುಡುಕಿದೆವು. ಕೊನೆಗೆ ಅಂದಾಜಿನಲ್ಲಿ ಒಂದು ಕಡೆ ನಿಂತು ಹೆಸರು ಹಿಡಿದು ಕರೆದೆ. ಅದು ಬೇರೆ ಯಾರದೋ ಮಗುವಿನ ಜಾಗವೂ ಆಗಿದ್ದಿರಬಹುದು.

ಈ ವಾರ ಮನೆ ಖಾಲಿ ಮಾಡುತ್ತಿದ್ದೇವೆ. ನಿನ್ನೆ ಖೈತಾನ್‌ನಿಂದ ಹಾಸನದ ದಂಪತಿ ನಮ್ಮ ಸೋಫಾ ಒಯ್ಯಲು ಬಂದಿದ್ದರು. ಗಂಡಸರಿಬ್ಬರೂ ಅದನ್ನು ಎತ್ತುತ್ತಿದ್ದಾಗ ಆಕೆ ನನ್ನ ಜೊತೆ ಮಾತಿಗೆ ನಿಂತರು.

"ಪುಣ್ಯವಂತರು ಬಿಡಿ, ನಮ್ಮೋರ ಜೊತೆ ಇರ್ಬೋದು. ಎಲ್ಲರೂ ಹೊರಟ್ರಾ?"

"ಇಲ್ಲ. ಮಗಳು ಇಲ್ಲೇ ಇರ್ತಾಳೆ," ಎಂದೆ.

"ಹೌದಾ? ಯಾವ ಸ್ಕೂಲು?"

ಮಹೇಶ್ ತಮ್ಮ ಕಡೆಯ ಸೋಫಾದ ತುದಿಯನ್ನು ಮೆಲ್ಲಗೆ ನೆಲಕ್ಕಿಳಿಸಿದರು.