ಕೆಂಪು ಬೆಳಕಿಗೆ ಕಾಣದ ಗೆರೆಗಳು

ನಮ್ಮ ಸರ್ ಅವರ ಬಲಗಣ್ಣಿನ ಸುತ್ತ ಸದಾ ಒಂದು ಕೆಂಪು ಉಂಗುರ ಮೂಡಿರುತ್ತಿತ್ತು. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯನ್ನು ಅವರು ಎಲ್ಲಿಂದಲೋ ಸಂಪಾದಿಸಿದ್ದರು. ಅದನ್ನು ತೆಗೆದಿಟ್ಟು ಊಟಕ್ಕೆ ಹೊರಟರೂ ಗುರುತು ಹೋಗುತ್ತಿರಲಿಲ್ಲ. ಖಾನಾವಳಿಯ ಹುಡುಗರು ಹಿಂದಿನಿಂದ ನಗುತ್ತಿದ್ದರು. ಸರ್ ಏನು ಅದಕ್ಕೆಲ್ಲ ಲಕ್ಷ್ಯ ಕೊಡುವ ಆಸಾಮಿಯಲ್ಲ.

ಅದು ಎಂಬತ್ತರ ದಶಕದ ಕೊನೆ. ಹಳೆ ಬಾಗಲಕೋಟೆಯ ಪೇಟೆಯಲ್ಲಿ, ಕಿರಾಣಿ ಅಂಗಡಿಯ ಮೇಲಿನ ಖೋಲಿಯಲ್ಲಿ ಅವರದೊಂದು ಕಂಪ್ಯೂಟರ್ ಇತ್ತು. ವ್ಯಾಪಾರಿಗಳಿಗೆ ಬಿಲ್ಲು ಮತ್ತು ಸ್ಟಾಕಿನ ಪ್ರೋಗ್ರಾಮ್ ಬರೆದುಕೊಡುವುದು ಅವರ ಕೆಲಸ. ಮಾಲಿನ ವಿವರವನ್ನು ಟೈಪು ಮಾಡಿ ಅದರಲ್ಲಿ ತುಂಬುವುದು ನನ್ನದು. ಅಣೆಕಟ್ಟಿನ ಹಿನ್ನೀರಲ್ಲಿ ಊರು ಮುಳುಗಡೆಯಾಗುತ್ತದೆಂದು ಜನ ಗೋಡೆಗೆ ಸುಣ್ಣ ಹಚ್ಚುವುದನ್ನೂ ಬಿಟ್ಟಿದ್ದರು. ಅಂಥ ಹೊತ್ತಿನಲ್ಲಿ ಈ ಮನುಷ್ಯ ಮುಂಬಯಿಯ ನೌಕರಿ ಬಿಟ್ಟು ಇಲ್ಲಿಗೆ ಬಂದಿದ್ದರು, ಹಾಸಿಗೆ ಹಿಡಿದ ತಾಯಿಗಾಗಿ. ತಾಯಿ ಹೋದ ಮೇಲೆ ಅವರಿಗೆ ಅಂತ ಯಾರೂ ಉಳಿದಿರಲಿಲ್ಲ. ದೀಪಾವಳಿಯ ದಿನವೂ ಖೋಲಿಯ ಬಾಗಿಲು ತೆರೆದು ಕೂತಿರುತ್ತಿದ್ದರು.

ಇಳಕಲ್ಲಿನ ಸೀರೆ ಸಾವಕಾರರೊಬ್ಬರು ನಮ್ಮ ದೊಡ್ಡ ಗಿರಾಕಿ. ಫಾರಿನ್ ಮಾಲಿನ ಮೇಲೆ ಕರಿ ಗೆರೆಗಳ ಚೀಟಿ ಇರುತ್ತದೆಂದು ಯಾರೋ ಅವರ ಕಿವಿಯಲ್ಲಿ ಊದಿದ್ದರು. ತಮ್ಮ ಸೀರೆಗೂ ಅದು ಬೇಕು ಎಂದರು. ಬಾರ್‌ಕೋಡ್ ಎಂಬ ಶಬ್ದ ನಾನು ಕೇಳಿದ್ದು ಆಗಲೇ. ಸರ್ ಮುಖ ಅರಳಿದ್ದು ಕಂಡದ್ದೂ ಆಗಲೇ. ಸೀರೆಯ ನಂಬರನ್ನು ದಪ್ಪ, ಸಣ್ಣ ಗೆರೆಗಳಾಗಿ ಬದಲಿಸುವ ಭಾಗವೊಂದನ್ನು ಅವರು ನಮ್ಮ ಪ್ರೋಗ್ರಾಮಿಗೆ ಸೇರಿಸತೊಡಗಿದರು. ನಮ್ಮ ಪ್ರಿಂಟರ್ ಚುಕ್ಕೆ ಚುಕ್ಕೆಯಾಗಿ ಹೊಡೆಯುವಂಥದ್ದು, ಗೆರೆಯಲ್ಲಿ ಸಂದುಗಳು ಬೀಳುತ್ತಿದ್ದವು. ಒಂದೇ ಗೆರೆಯನ್ನು ಕೂದಲೆಳೆಯಷ್ಟು ಸರಿಸಿ ಎರಡು ಸಲ ಹೊಡೆಸಿ, ಭೂತಗನ್ನಡಿ ಹಚ್ಚಿ ನೋಡುತ್ತಿದ್ದರು.

“ಗೆರಿ ಅಷ್ಟ ಅಲ್ಲ ತಂಗಿ, ನಡುವಿನ ಖಾಲಿ ಜಾಗಾನೂ ಲೆಕ್ಕಕ್ಕ ಬರತೈತಿ,” ಎನ್ನುತ್ತಿದ್ದರು.

ಒಂದೇ ಕೊರತೆ. ಆ ಗೆರೆಗಳನ್ನು ಓದುವ ಯಂತ್ರ ನಮ್ಮಲ್ಲಿರಲಿಲ್ಲ, ಸಾವಕಾರರಲ್ಲಿರಲಿಲ್ಲ, ನಮಗೆ ತಿಳಿದ ಮಟ್ಟಿಗೆ ಸುತ್ತಲಿನ ಯಾವ ಊರಲ್ಲೂ ಇರಲಿಲ್ಲ. ಮುಂಬಯಿಯ ಪ್ರದರ್ಶನವೊಂದರಲ್ಲಿ ಸರ್ ಅದನ್ನು ಒಮ್ಮೆ ಕಂಡಿದ್ದರು: ಪೆನ್ನಿನಂಥದ್ದು, ತುದಿಯಲ್ಲಿ ಕೆಂಪು ಬೆಳಕು. ಅದು ಎಂದಾದರೂ ಇಲ್ಲಿಗೂ ಬರುತ್ತದೆ, ಬಂದ ದಿನ ತಮ್ಮ ಗೆರೆಯನ್ನು ತಪ್ಪದೆ ಓದಬೇಕು. ಅವರಿಗೆ ಬೇಕಾಗಿದ್ದದ್ದು ಇಷ್ಟೇ.

ಚೀಟಿಗಳು ಇಳಕಲ್ಲಿಗೆ ಹೋದವು. ಕೆಲವೇ ದಿನಗಳಲ್ಲಿ ಸಾವಕಾರರು ಬಸ್ಸು ಹತ್ತಿ ಬಂದರು. ಹುನಗುಂದದಿಂದ ಮದುವೆ ಜವಳಿಗೆ ಬಂದ ಮನೆಯವರು ಸೀರೆ ಆರಿಸಿ, ಚೀಟಿ ಕಂಡು, ಎಲ್ಲ ಬಿಟ್ಟು ಎದ್ದುಹೋಗಿದ್ದರು.

“ಮದುವಿ ಸೀರಿಗೆ ಕರಿ ಗೆರಿ ಯಾವ ಶಾಣ್ಯಾ ಹಚ್ಯಾನ ಅಂತ ಮುದುಕಿ ಕೇಳಿದಳ್ರಿ. ಕೆಂಪು ಹೊಡೀರಿ,” ಎಂದು ಹುಬ್ಬಳ್ಳಿಯಿಂದ ತರಿಸಿದ್ದ, ಪ್ರಿಂಟರಿಗೆ ಹಾಕುವ ಕೆಂಪು ಶಾಯಿಯ ರಿಬ್ಬನ್ ಮೇಜಿನ ಮೇಲಿಟ್ಟರು.

“ಕೆಂಪು ಬೆಳಕಿಗೆ ಕೆಂಪು ಗೆರಿ ಕಾಣಂಗಿಲ್ರಿ ಸಾವಕಾರ್ರ. ಅದಕ್ಕ ಬರೇ ಬಿಳಿ ಹಾಳಿ ಕಂಡಂಗ,” ಎಂದರು ಸರ್.

“ಎಲ್ಲೈತಿ ಆ ಬೆಳಕು? ತೋರಸ್ರಿ. ಓದಾವ್ರ ಇಲ್ಲದ ಊರಾಗ ಯಾವ ಬಣ್ಣಾದ್ರೇನ್ರಿ?”

ಸರ್ ತೋರಿಸುವುದಾದರೂ ಏನನ್ನು? “ಇವತ್ತ ಇಲ್ಲ. ಬರತೈತಿ,” ಎಂದರು. “ಓದಾಕ ಆಗದಂಥಾದ್ದು ನಾ ಹೊಡಿಯಂಗಿಲ್ರಿ.”

ಸಾವಕಾರರು ರಿಬ್ಬನ್ ಅಲ್ಲೇ ಬಿಟ್ಟು ದಡದಡ ಇಳಿದುಹೋದರು, ಹೊಳ್ಳಿ ಬರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತ್ತು. ಬೆರಳೆಣಿಕೆಯ ಗಿರಾಕಿಗಳಲ್ಲಿ ದೊಡ್ಡವರನ್ನೇ ಕಳಕೊಂಡು ಈ ಮಹಾರಾಯರು ಸಂಜೆ ಮತ್ತೆ ಕರಿ ಗೆರೆ ಹೊಡೆಸುತ್ತ ಕೂತಿದ್ದರು!

ಆಮೇಲೆ ಆ ಚೀಟಿಗಳನ್ನು ಯಾರೂ ಕೇಳಲಿಲ್ಲ. ಸರ್ ತಮ್ಮ ಸಾಮಾನಿಗೇ ಒಂದೊಂದು ನಂಬರು ಕೊಟ್ಟು, ನನ್ನಿಂದ ಟೈಪು ಮಾಡಿಸಿ, ಅಂಟಿಸತೊಡಗಿದರು. ಚಹಾಪುಡಿಯ ಡಬ್ಬಿ, ಕುರ್ಚಿ, ಛತ್ರಿ, ನೀರಿನ ಕೊಡ. ಕೊಡದ್ದು ಒದ್ದೆಯಾಗಿ ಬಿದ್ದರೆ ಇನ್ನೊಂದು. ಒಮ್ಮೆ ಚೇಷ್ಟೆಗೆ, “ನನಗೂ ಒಂದ ಹಚ್ಚಿಬಿಡ್ರಿ ಸರ್,” ಎಂದೆ.

“ನಿನಗ್ಯಾಕ ತಂಗಿ? ಹೆಸರ ಹಿಡದ ಕರಿಯಾವ್ರು ನಿನಗ ಅದಾರ,” ಎಂದರು.

ನಗುತ್ತಲೇ ಎಂದರು. ಅವರನ್ನು ಹೆಸರು ಹಿಡಿದು ಕರೆಯುವವರು ಆ ಊರಲ್ಲಿ ಒಬ್ಬರೂ ಇರಲಿಲ್ಲ. ನಮಗೆಲ್ಲ ಅವರು ಬರೀ ಸರ್.

ನನ್ನ ಮದುವೆ ಬಾದಾಮಿಯ ಕಡೆ ಗೊತ್ತಾಯಿತು. ಗದ್ದಲ ತಮಗೆ ಒಗ್ಗುವುದಿಲ್ಲವೆಂದು ಸರ್ ಹಿಂದಿನ ದಿನವೇ ಮನೆಗೆ ಬಂದು ಇಳಕಲ್ ಸೀರೆಯೊಂದನ್ನು ಕೈಗಿಟ್ಟರು. ಅದರ ಮೇಲೊಂದು ಚೀಟಿ. ಗೆರೆಗಳು ಕೆಂಪಗಿದ್ದವು. ಸಾವಕಾರರು ಬಿಟ್ಟುಹೋದ ಅದೇ ರಿಬ್ಬನ್.

“ಸರ್, ಇದು ಓದಾಕ ಬರಂಗಿಲ್ಲಲ್ರಿ?”

“ಬರಂಗಿಲ್ಲ.” ಅವರು ಆಗಲೇ ಚಪ್ಪಲಿ ಹುಡುಕುತ್ತಿದ್ದರು. “ಮನ್ಯಾಗ ಹಿರ್ಯಾರು ಅದಾರ, ಅವರ ಮನಸ್ಸಿಗೆ ಕಸಿವಿಸಿ ಆಗಬಾರದು. ನೀ ಛಂದಾಗಿ ಉಟ್ಕೊ.”

ಚಹಾ ಕೂಡ ಕುಡಿಯದೆ ಹೋದರು.

ನಾನು ಬಾದಾಮಿಗೆ ಹೋದ ಮೇಲೆ ಒಂದು ಚಳಿಗಾಲ ಜ್ವರ ಬಂದು ಅವರು ತೀರಿಕೊಂಡರು. ಮಣ್ಣು ಮಾಡಿದವರು ಖಾನಾವಳಿಯವರು. ನನಗೆ ತಿಳಿದದ್ದು ತವರಿಗೆ ಬಂದಾಗ. “ಎಲ್ಲಾ ಸಾಮಾನಿನ ಮ್ಯಾಲೂ ಗೆರಿ ಇದ್ದೂ ನೋಡವಾ. ಏನ ಬರದಾರೋ ಯಾರಿಗೂ ತಿಳೀಲಿಲ್ಲ,” ಎಂದು ಖಾನಾವಳಿಯ ಮಾಲಕರು ಚಹಾಪುಡಿಯ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು.

ಆ ಪೇಟೆ ನೀರುಪಾಲಾಗಿ ಎಷ್ಟೋ ವರ್ಷಗಳಾದ ಮೇಲೆ, ಮುಳುಗಡೆಯವರಿಗಾಗಿ ಕಟ್ಟಿದ ನವನಗರದ ಅಂಗಡಿಯೊಂದರಲ್ಲಿ ಸಾಮಾನಿಗೆ ಕೆಂಪು ಬೆಳಕು ಹಿಡಿದು ಬಿಲ್ಲು ಮಾಡುವುದನ್ನು ಕಂಡೆ. ಮರುದಿನ ಸೀರೆಯ ಚೀಟಿಯನ್ನೂ ಡಬ್ಬಿಯನ್ನೂ ಒಯ್ದೆ. ಗಲ್ಲೆಯ ಹುಡುಗಿ ಮೊದಲು ಚೀಟಿ ಹಿಡಿದಳು. ಸದ್ದಿಲ್ಲ. ತಿರುಗಿಸಿ, ಒರೆಸಿ, ಮತ್ತೆ ಹಿಡಿದಳು.

“ಇದಕ್ಕ ಏನೂ ಕಾಣವಲ್ದರಿ ಅಕ್ಕಾರ,” ಎಂದಳು.

ಡಬ್ಬಿ ಮುಂದಿಟ್ಟೆ. ಹಿಡಿದ ಕೂಡಲೇ ಕೀಂ ಎಂದಿತು. ಪರದೆಯ ಮೇಲೆ ಸರ್ ಕೊಟ್ಟ, ನಾನೇ ಟೈಪು ಮಾಡಿದ್ದ ನಂಬರು ಒಂದಂಕಿಯೂ ತಪ್ಪದೆ ಬಂದಿತು. ಓದಿತ್ರಿ ಸರ್, ಎಂದು ಓಡಿಹೋಗಿ ಹೇಳಬೇಕೆನಿಸಿತು. ಹತ್ತಿ ಹೋಗಲು ಆ ಮೆಟ್ಟಿಲೂ ಇರಲಿಲ್ಲ, ಮೇಲೆ ಅವರೂ ಇರಲಿಲ್ಲ. ಹಿಂದೆ ಪಾಳಿಯಲ್ಲಿ ನಿಂತವರು ಗೊಣಗುತ್ತಿದ್ದರು.

“ಇನ್ನೊಮ್ಮೆ ಹಿಡಿ ತಂಗಿ,” ಎಂದೆ.