ಐದು ಮಂದಿ ಹತ್ತಿದ ಮೇಲೆ ಬಂದ ನೊರೆ

ನನ್ನ ಮೊಮ್ಮಗಳು ಗಾಡಿ ರಿಪೇರಿ ಕಲಿತವಳು. ಈಗ ಯಾರ ಮುಂದೆ ಬಾಯಿ ತೆರೆದರೂ ನನಗೆ ಮೊದಲು ಬರುವ ಮಾತು ಇದೇ, ಹಾಗಾಗಿ ಇಲ್ಲಿಯೂ ಅದನ್ನೇ ಮೊದಲು ಬರೆದೆ. ನಾನು ಓದಿದ್ದು ಮೂರನೇ ಇಯತ್ತೆ. ಅವಳು ಐಟಿಐ ಮುಗಿಸಿ ಹುಬ್ಬಳ್ಳಿಯ ಒಂದು ಗ್ಯಾರೇಜಿನಲ್ಲಿ ವರ್ಷದಿಂದ ಕೆಲಸಕ್ಕಿದ್ದಾಳೆ. ಅಲ್ಲಿ ಗಾಡಿ ತೊಳೆಸುತ್ತಿದ್ದರು, ಬಂದವರ ಹೆಸರು ಬರೆಸುತ್ತಿದ್ದರು, ನಟ್ಟು ಬಿಚ್ಚುವ ಪಾನಾ ಮಾತ್ರ ಕೈಗೆ ಕೊಡುತ್ತಿರಲಿಲ್ಲ. ಸೂಟಿ ಸಿಕ್ಕು ನಮ್ಮೂರು ತಿರ್ಲಾಪುರಕ್ಕೆ ಬಂದಾಗಲೆಲ್ಲ ಒಂದೇ ಒಂದು ಗಾಡಿಯನ್ನು ತನ್ನೊಬ್ಬಳಿಗೇ ಬಿಟ್ಟು ನೋಡಲಿ ಎಂದು ನನ್ನ ಮುಂದೆ ಹೇಳಿಕೊಳ್ಳುತ್ತಿದ್ದಳು.

ನಮ್ಮ ಬಾಜು ಮನೆ ನನ್ನ ತಮ್ಮನದು. ಕಾಳಿನ ವ್ಯಾಪಾರ ಮಾಡುತ್ತಾನೆ. ಹೋದ ವರ್ಷ ಯಾರೋ ಬಳಸಿ ಬಿಟ್ಟ ದೊಡ್ಡ ಎಸ್‌ಯುವಿ ಒಂದನ್ನು ಕೊಂಡಿದ್ದ. ಉಳಿದ ಗಾಡಿಗಳಿಗೆ ಕಬ್ಬಿಣದ ಸ್ಪ್ರಿಂಗು ಇರುತ್ತವಲ್ಲ, ಇದಕ್ಕೆ ಗಾಲಿಗೊಂದರಂತೆ ರಬ್ಬರಿನ ಗಾಳಿಚೀಲ. ಸಣ್ಣ ಪಂಪೊಂದು ಅವಕ್ಕೆ ಗಾಳಿ ತುಂಬಿ ಗಾಡಿಯನ್ನು ಎತ್ತಿ ಹಿಡಿಯುತ್ತದೆ. ಆದರೆ ಬೆಳಿಗ್ಗೆ ಎದ್ದು ನೋಡಿದರೆ ಹಿಂದಿನ ಎಡ ಮೂಲೆ ಕೆಳಗೆ ಕುಂತುಬಿಟ್ಟಿರುತ್ತಿತ್ತು, ಒಂದು ಕಾಲು ನೊಂದ ಎಮ್ಮೆಯ ಹಾಗೆ. ಪಟ್ಟಣದ ಇನ್ನೊಂದು ಗ್ಯಾರೇಜಿನವರು ಗಾಡಿ ಮೇಲೆತ್ತಿ, ಗಾಳಿ ಸೋರುವ ಜಾಗ ಹುಡುಕಲು ಸಾಬೂನು ನೀರು ಹೊಡೆದು, ಎಲ್ಲೂ ಗುಳ್ಳೆ ಏಳಲಿಲ್ಲವೆಂದು ಪಂಪು ಬದಲಿಸಿ ಕಳಿಸಿದರು. ಮತ್ತೆ ಕುಂತಿತು. ಹಾಗಾದರೆ ನಾಲ್ಕೂ ಚೀಲ, ಪೈಪು ಎಲ್ಲ ಹೊಸದು ಹಾಕಬೇಕು, ಹೊತ್ತೊಯ್ಯಲು ಮಧ್ಯಾಹ್ನ ಲಾರಿ ಕಳಿಸುತ್ತೇವೆ ಎಂದರು.

ಅವತ್ತು ಮೊಮ್ಮಗಳು ಊರಲ್ಲಿದ್ದಳು. ತಾನು ಒಮ್ಮೆ ನೋಡಲೇ ಎಂದು ಕೇಳಿದಳು. ತಮ್ಮ ಚಹಾ ಕುಡಿಯುತ್ತ, "ಅಷ್ಟು ಮಶೀನ ಇಟಗೊಂಡವ್ರಿಗೇ ಸಿಗಲಿಲ್ಲ, ನಿನಗ ಸಿಗತೈತೇನವಾ?" ಎಂದ. ಬೈದದ್ದಲ್ಲ, ಆದರೂ ಅವಳ ಮುಖ ಸಣ್ಣದಾಯಿತು. ಲಾರಿ ಬರುವತನಕ ನೋಡಲಿ ಬಿಡು, ನೋಡಿದರೆ ಗಾಡಿ ಸವೆಯುವುದಿಲ್ಲ ಎಂದು ನಾನು ನಡುವೆ ಬಾಯಿ ಹಾಕಿದೆ. ಅಕ್ಕನ ಮಾತನ್ನು ಅವನು ತೆಗೆದುಹಾಕುವುದಿಲ್ಲ.

ಅವಳು ಗಾಡಿ ಮುಟ್ಟಲೇ ಇಲ್ಲ. ಮೊದಲು ಅವನ ಎದುರಿಗೆ ಕುಳಿತು ಕೇಳಿದಳು.

"ಅಜ್ಜಾ, ಇದು ದಿನಾ ಕುಂಡ್ರತೈತೇನ್ರಿ?"

"ಅದರ ಮನಸಿಗೆ ಬಂದ ದಿನಾ ಕುಂಡ್ರತೈತಿ."

ಅದು ಹಾಗಲ್ಲವೆಂದು ನನಗೆ ಗೊತ್ತಿತ್ತು. ಎರಡೂ ಮನೆಯ ಅಂಗಳ ಕಸ ಹೊಡೆಯುವವಳು ನಾನು. ಗಾಡಿ ನೆಟ್ಟಗೆ ನಿಂತ ದಿನ ಕಸಬರಿಗೆ ಅದರ ಕೆಳಗೆ ಸಲೀಸಾಗಿ ಹೋಗುತ್ತದೆ, ಕುಂತ ದಿನ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡದ್ದೆಲ್ಲ ಗಾಡಿಯಿಂದ ಕಡಲೆ ಚೀಲ ಇಳಿಸದೆ ಹಾಗೇ ಬಿಟ್ಟ ದಿನಗಳ ಮರುದಿನವೇ. ಇಷ್ಟು ಹೇಳಿದ್ದಕ್ಕೆ ಮೊಮ್ಮಗಳು ನನ್ನ ಎರಡೂ ಕೈ ಹಿಡಿದುಕೊಂಡಳು. ಗ್ಯಾರೇಜಿನವರು ನೋಡಿದ್ದು ಖಾಲಿ ಗಾಡಿಯನ್ನು. ಭಾರ ಬಿದ್ದಾಗ ಗಾಳಿಚೀಲದ ಮಡಿಕೆ ಬೇರೆ ಕಡೆ ಸರಿಯುತ್ತದಂತೆ, ಅಲ್ಲಿ ಸೀಳಿದ್ದರೆ ಆಗಲೇ ಬಾಯಿ ಬಿಡುತ್ತದಂತೆ.

ಭಾರಕ್ಕೆ ಏನು ಮಾಡುವುದು? ಕಡಲೆ ಎಲ್ಲ ನವಲಗುಂದದ ಪೇಟೆ ಮುಟ್ಟಿತ್ತು. ಎದುರಿನ ಕಟ್ಟೆಯ ಮೇಲೆ ಹತ್ತಿ ಬಿಡಿಸಲು ಹೋಗುವ ನಾಲ್ವರು ಹೆಣ್ಣುಮಕ್ಕಳು ಟಂಟಂ ಗಾಡಿಗಾಗಿ ಕಾಯುತ್ತಿದ್ದರು. ಅವಳು ಹೋಗಿ ಅವರನ್ನೇ ಕರೆತಂದಳು. ಅವರಲ್ಲಿ ಹಿರಿಯಳು ಗಾಡಿಯ ಬಾಗಿಲ ಹತ್ತಿರ ನಿಂತು, "ನಮ್ಮನ್ನೇನ ಹತ್ತಿ ತುಂಬಿದ ಅಂಡಿಗಿ ಅಂತ ತಿಳದಿ ಏನ ಬೇ?" ಎಂದಳು.

"ಅಂಡಿಗಿ ಆದ್ರ ನಾ ಎತ್ತಿ ಹಾಕಬೇಕಾಗ್ತಿತ್ತು. ನೀವು ನಿಮ್ಮ ಕಾಲಲೇ ಹತ್ತತೀರಿ."

ನಗುತ್ತ ಹತ್ತಿದರು. ಐದನೆಯವಳಾಗಿ ನಾನೂ ಹತ್ತಿದೆ. ಗಾಡಿ ಒಮ್ಮೆಲೇ ಇಳಿಯಬಹುದು, ಯಾರೂ ಕೆಳಗೆ ಕೈ ಹಾಕಬೇಡಿ ಎಂದು ಅವಳು ಹೇಳಿದಳು. ತಾನೂ ಕೆಳಗೆ ಹೋಗದೆ ಸುಣ್ಣ ಬಳಿಯುವ ಬ್ರಶ್ಶಿಗೆ ಉದ್ದ ಕೋಲು ಕಟ್ಟಿ ಹಿಂದಿನ ಎಡ ಗಾಲಿಯ ಗಾಳಿಚೀಲಕ್ಕೆ ಸಾಬೂನು ನೀರು ಬಳಿದಳು. ಇನ್ನೊಂದು ಕೋಲಿಗೆ ಮೊಬೈಲು ಕಟ್ಟಿ ಒಳಗೆ ಹಿಡಿದಳು. ಒಳಗೆ ಕುಳಿತ ನಮಗೆ ಏನೂ ಕಾಣುತ್ತಿರಲಿಲ್ಲ. ಯಾರ ಸೊಸೆ ಎಷ್ಟು ಹೊತ್ತಿಗೆ ಏಳುತ್ತಾಳೆ ಎಂಬ ಮಾತು ನಡೆದಿತ್ತು. ಆ ಮಾತು ನನ್ನ ಕಿವಿಗೇ ಹೋಗಲಿಲ್ಲ. ನೊರೆ ಬರಲಿ, ಬರಲಿ ಎಂದು ಬಾಯೊಳಗೇ ಅನ್ನುತ್ತಿದ್ದೆ.

ಬಹಳ ಹೊತ್ತಿನ ಮೇಲೆ ಅವಳು ತಮ್ಮನನ್ನು ಮೆಲ್ಲಗೆ ಕರೆದಳು. ಅವನು ಕನ್ನಡಕ ಹಾಕಿಕೊಂಡು ಮೊಬೈಲಿನ ಮೇಲೆ ಬಾಗಿದ. ನಾನೂ ಕಿಟಕಿಯಿಂದ ಕತ್ತು ಚಾಚಿದೆ. ರಬ್ಬರಿನ ಮಡಿಕೆಯಲ್ಲಿ ಕೂದಲೆಳೆಯಷ್ಟು ಸೀಳು, ಅದರ ಉದ್ದಕ್ಕೂ ಬೆಳ್ಳಗೆ ನೊರೆ, ಹೊಸದಾಗಿ ಹಿಂಡಿದ ಹಾಲಿನ ಮೇಲಿನ ನೊರೆಯ ಹಾಗೆ ಉಬ್ಬಿ ಉಬ್ಬಿ ಬರುತ್ತಿತ್ತು. ಅದನ್ನು ನೋಡಿ ನನ್ನ ಕಣ್ಣು ತುಂಬಿತು, ಬಾಯಿ ಮಾತ್ರ ನಗುತ್ತಿತ್ತು. ಎರಡನ್ನೂ ಸೆರಗಿನಿಂದ ಮುಚ್ಚಿಕೊಂಡೆ.

ತಮ್ಮ ಬಾಜು ಸರಿದು, ಲಾರಿ ಕಳಿಸಬೇಡಿರೆಂದು ಫೋನು ಮಾಡಿದ. ಆಮೇಲೆ ಅವಳ ಹತ್ತಿರ ಬಂದು, "ಏನ ತರಿಸಬೇಕು ಬರಕೊಡು. ನೀನ ಕೂಡಸು, ಬ್ಯಾರೇದವರು ಮುಟ್ಟೂದು ಬ್ಯಾಡ" ಎಂದ. ಅವಳು ಬರೆದುಕೊಡುವ ಮೊದಲು ಚೀಟಿಯನ್ನು ಎರಡೆರಡು ಸಲ ಓದಿಕೊಂಡಳು. ನಾನು ನೋಡಲಿಲ್ಲ ಅಂದುಕೊಂಡಿದ್ದಾಳೆ.

ಮುಂದಿನ ಸೂಟಿಗೆ ಹೊಸ ಚೀಲ ಬಂತು. ಮೊಮ್ಮಗಳು ಹುಬ್ಬಳ್ಳಿಯಿಂದ ಕಬ್ಬಿಣದ ಆಸರೆಗಳನ್ನು ತಂದು, ಗಾಡಿಯನ್ನು ಅವುಗಳ ಮೇಲೆ ಕೂರಿಸಿ, ಬೆಳಗಿನಿಂದ ಊಟದ ಹೊತ್ತಿನವರೆಗೆ ಒಬ್ಬಳೇ ಕೂಡಿಸಿದಳು. ಆದರೆ ಗಾಡಿ ನೆಟ್ಟಗೆ ನಿಂತರೂ ಆಯಿತು ಎನ್ನಲಿಲ್ಲ. ಹಿಂದೆ ನೋಡಿದ ಭಾರದಲ್ಲೇ ನೋಡಬೇಕೆಂದು ಹಠ ಹಿಡಿದಳು. ನಾಲ್ವರನ್ನೂ ಮನೆ ಮನೆಗೆ ಹೋಗಿ ನಾನೇ ಕರೆತಂದೆ. ಮತ್ತೆ ಐದು ಮಂದಿ ಹತ್ತಿದೆವು, ಮತ್ತೆ ಸಾಬೂನು ನೀರು. ಎಷ್ಟು ಹೊತ್ತಾದರೂ ಒಂದು ಗುಳ್ಳೆಯೂ ಏಳಲಿಲ್ಲ.

"ಆತು, ಇಳೀರಿ" ಎಂದಳು.

ಯಾರೂ ಇಳಿಯಲಿಲ್ಲ. ಹಿರಿಯಳು ಸೀಟಿಗೆ ಇನ್ನಷ್ಟು ಒರಗಿ, "ಹೊಲದ ತನಕ ಬಿಡವಾ, ಅಲ್ಲೇ ಇಳೀತೀವಿ" ಎಂದಳು. ತಮ್ಮ ಜೇಬಿನಿಂದ ಚಾವಿ ತೆಗೆದು ಮೊಮ್ಮಗಳ ಕೈಗಿಟ್ಟು, ತಾನು ಅವಳ ಬಾಜು ಕುಳಿತ. ನನಗೆ ಹೊಲದಲ್ಲಿ ಯಾವ ಕೆಲಸವೂ ಇರಲಿಲ್ಲ, ಆದರೂ ನಾನೂ ಇಳಿಯಲಿಲ್ಲ.